ತಣ್ಣಗೆ ಮಾಡಿ ಕಳಿಸಿದ ಹುಲ್ಲು

"ಒಣಗಿದ ಹುಲ್ಲಿನೊಳಗೆ ಇಷ್ಟು ನೀರು ಎಲ್ಲಿಂದ ಬಂತು?"

ಸುಧಾ ಕೇಳಿದ್ದು ಯಾರನ್ನೂ ಅಲ್ಲ. ಕೈಯಲ್ಲಿದ್ದ ತೇವ ಅಳೆಯುವ ಮೀಟರು ಇಪ್ಪತ್ತೇಳು ತೋರಿಸುತ್ತಿತ್ತು. ಹದಿನೆಂಟು ದಾಟಿದರೆ ಗಾಡಿ ವಾಪಸ್. ಕರೂರು ಕೈಗಾರಿಕಾ ಪ್ರದೇಶದ ಆ ಪ್ಲಾಂಟಿನಲ್ಲಿ ಭತ್ತದ ಹುಲ್ಲು, ಮೆಕ್ಕೆಜೋಳದ ದಂಟು ಉರಿದು ಕರೆಂಟಾಗುತ್ತಿದ್ದವು. ಗೇಟಿನಲ್ಲಿ ನಿಂತು, ಬಂದ ಹುಲ್ಲಿನ ಬೇಲುಗಳಿಗೆ, ಎಂದರೆ ಒತ್ತಿ ಬಿಗಿದ ಕಟ್ಟುಗಳಿಗೆ, ಮೀಟರಿನ ಮೊಳದುದ್ದದ ಸೂಜಿ ಚುಚ್ಚಿ, ಒಳಗೆ ಬಿಡುವುದೋ ಬೇಡವೋ ಹೇಳುವುದು ಅವಳ ಕೆಲಸ.

ಭಾನುವಳ್ಳಿಯ ಹನುಮೇಶ ಟ್ರ್ಯಾಕ್ಟರಿನಿಂದ ಧುಮುಕಿದ. ಹುಬ್ಬಿನ ತುಂಬ ಹೊಟ್ಟು, ಅದರ ಕೆಳಗೆ ತುಂಟ ನಗು.

"ಏನ್ ಮೇಡಂ, ಹುಲ್ಲಿನ ಜೋಡಿ ಮಾತಾಡ್ತೀರಲ್ಲ! ನನ್ ಜೋಡೀನೂ ಒಂದೀಟು ಮಾತಾಡ್ರಿ."

"ನಿಮ್ ಜೋಡಿ ಏನ್ರೀ ಮಾತು? ತೂಕ ಬರ್ಲಿ ಅಂತ ನೀರು ಹೊಡ್ಕೊಂಡು ಬಂದೀರಿ. ಇದು ಎರಡನೇ ಸಲ."

ನಗು ಆರಿಹೋಯಿತು.

"ಕಳ್ಳ ಅಂದ್ರಾ ನನ್ನ?"

"ನಾನಲ್ಲ, ಮೀಟರ್ ಹೇಳ್ತೈತೆ."

ಅವನು ಟವೆಲ್ ಹೆಗಲಿಗೆ ಎಸೆದುಕೊಂಡ. "ಇಪ್ಪತ್ತು ಮನೆಯೋರಿಗೆ ಗದ್ದೆಗೆ ಕಡ್ಡಿ ಗೀರಬ್ಯಾಡ್ರಿ, ಹುಲ್ಲು ನಾ ಒಯ್ತೀನಿ ಅಂತ ಮಾತು ಕೊಟ್ಟೀನಿ ಮೇಡಂ. ಮೂರನೇ ಸಲಾನೂ ವಾಪಸ್ ಹೋದ್ರೆ ನನ್ ಗೇಟ್ ಪಾಸ್ ಕಿತ್ಕೊಂತೀರಿ. ಅವತ್ತೇ ಸಂಜಿಗೆ ಎಲ್ಲಾ ಗದ್ದೆಗೂ ಬೆಂಕಿ ಬೀಳ್ತೈತೆ. ನಂಬ್ಕಿ ಇಲ್ಲಂದ್ರೆ ನಾಳೆ ಮುಂಜಾನೆ ಊರಿಗೆ ಬರ್ರಿ. ಕಣ್ಣಾರೆ ನೋಡ್ರಿ."

ಆ ಸಂಜೆ ಎಂ.ಸಿ.ಸಿ. ಬಡಾವಣೆಯ ಮನೆಯಲ್ಲಿ ಅಪ್ಪ ಎಂದಿನಂತೆ ರಾಗವಾಗಿ ಪದ್ಯ ಓದಿದರು. ಎಂದಿನಂತೆ ಸುಧಾ ಕಂಬಕ್ಕೆ ಒರಗಿ ಕೂತಳು. ಆದರೆ ಕಿವಿಗೆ ಬಿದ್ದದ್ದು ಒಂದೇ ಸಾಲು: ಕಳ್ಳ ಅಂದ್ರಾ ನನ್ನ? ಕಳ್ಳರ ಕಣ್ಣು ನೆಲ ನೋಡುತ್ತದೆ ಎಂದು ಗೇಟಿನ ಎರಡು ವರ್ಷ ಅವಳಿಗೆ ಕಲಿಸಿತ್ತು. ಅವನ ಕಣ್ಣು ಅವಳನ್ನೇ ನೋಡಿತ್ತು, ರೆಪ್ಪೆ ಹೊಡೆಯದೆ.

ಮರುದಿನ ಅವಳ ಡ್ಯೂಟಿ ಹನ್ನೊಂದಕ್ಕೆ. ಬೆಳಕು ಹರಿಯುವಷ್ಟರಲ್ಲಿ ಬಸ್ಸು ಹತ್ತಿದಳು. ಹರಿಹರದಲ್ಲಿ ಇನ್ನೊಂದು ಬಸ್ಸಿಗೆ ಕಾಯುವಾಗ ಹರಿಹರೇಶ್ವರನ ಗುಡಿಯ ದಿಕ್ಕಿಗೆ ಕೈ ಮುಗಿದು, 'ಅವರು ಕಳ್ಳರಾಗದಿರಲಿ ಸ್ವಾಮಿ' ಎಂದು ಬೇಡಿಕೊಂಡಳು. ಬೇಡಿದ ಮೇಲೆ ಅವಳಿಗೇ ನಾಚಿಕೆಯಾಯಿತು. ತಪ್ಪು ಹಿಡಿಯಲು ಹೊರಟವಳು ಕೇಳುವ ವರವೇ ಇದು?

ಭಾನುವಳ್ಳಿಯ ಕಣದಲ್ಲಿ ಲೋಡು ಆಗಲೇ ಏರಿತ್ತು. ಸುಧಾ ಮಾತಿಲ್ಲದೆ ಚೀಲದಿಂದ ಮೀಟರು ತೆಗೆದು ಮೂರು ಬೇಲುಗಳಿಗೆ ಚುಚ್ಚಿದಳು. ಹದಿಮೂರು. ಹದಿನಾಲ್ಕು. ಹದಿಮೂರು.

"ಏನಂತೈತೆ ನಿಮ್ ಮೀಟರು?" ಹನುಮೇಶ ಕೊರಳು ಉದ್ದ ಮಾಡಿದ.

"ಸುಮ್ನೆ ಗಾಡಿ ಹತ್ರಿ."

ಅವನು ಹತ್ತಿ ಸೀಟಿನಲ್ಲಿ ನೆಟ್ಟಗೆ ಕೂತ. ಫಸಲು ಹೊತ್ತ ಗಾಡಿಯಲ್ಲಿ ಕೂತವನು ಊರು ದಾಟುವ ತನಕ ಹಿಂದಕ್ಕೆ ನೋಡಬಾರದು, ಅದು ಆ ಮನೆಯ ಪದ್ಧತಿ. ಹಾಗಾಗಿ ಹಿಂದೆ ನಡೆಯುವುದನ್ನು ಅವನು ಯಾವತ್ತೂ ಕಂಡವನಲ್ಲ. ಸುಧಾ ಕಂಡಳು. ಅವನ ತಾಯಿ ಕೊಟ್ರವ್ವ ತುಂಬಿದ ಕೊಡ ಸೊಂಟಕ್ಕಿಟ್ಟುಕೊಂಡು ಬಂದು, ಗಾಡಿಯ ಪಕ್ಕಕ್ಕೆ ಎಳೆದಿಟ್ಟ ಮಂಚದ ಮೇಲೆ ನಿಂತು, ತುಟಿಯಲ್ಲಿ ಏನೋ ಹಾಡಿಕೊಳ್ಳುತ್ತ ಇಡೀ ಕೊಡವನ್ನು ಹುಲ್ಲಿನ ಮೇಲೆ ಬಗ್ಗಿಸಲು ಎತ್ತಿದಳು.

ಸುಧಾ ಓಡಿಹೋಗಿ ಕೊಡ ಹಿಡಿದಳು. "ಅವ್ವಾ! ಏನ್ ಮಾಡ್ತೀರಿ?"

"ತೀರ್ಥ ಹಾಕ್ತೀನವ್ವ. ಹೊಳಿ ನೀರು."

"ಅವ್ವ ತೀರ್ಥ ಹಾಕ್ತಾಳೆ, ಅದು ಗೊತ್ತು!" ಹನುಮೇಶ ಮುಂದಕ್ಕೆ ನೋಡುತ್ತಲೇ ಕೂಗಿದ. "ಮಾವಿನೆಲೆಯಾಗ ನಾಕು ಹನಿ."

"ನಾಕು ಹನಿ ಅಲ್ರೀ, ಒಂದು ಕೊಡ!"

ಅವನು ಕತ್ತು ತಿರುಗಿಸಲು ಹೋಗಿ ತಡೆದುಕೊಂಡ. ಕಿವಿ ಮಾತ್ರ ಕೆಂಪಾಯಿತು.

"ನಾಕು ಹನಿ ಚಕ್ಕಡಿ ಕಾಲಕ್ಕಾತು. ಇಷ್ಟೆತ್ತರದ ಲೋಡಿಗೆ ಸಾಲ್ತೈತೇನು?" ಎಂದಳು ಕೊಟ್ರವ್ವ. "ಕಾಳು ಹೊತ್ತು ನಿಂತಿದ್ದ ಹುಲ್ಲು ಇದು. ಬೆಂಕಿಗೆ ಹೋಗ್ತೈತೆ. ಹೋಗೋದನ್ನ ತಣ್ಣಗೆ ಮಾಡಿ ಕಳಿಸಬ್ಯಾಡವಾ?"

ಹದಿನೆಂಟು ಎಂಬ ಅಂಕಿಯನ್ನು ಈ ಮಾತಿನ ಮುಂದೆ ಇಡುವುದು ಹೇಗೆ? ಸುಧಾ ಮಂಚದ ಅಂಚಿಗೆ ಕೂತು ಮುದುಕಿಯ ಪಾದ ಮುಟ್ಟಿದಳು.

"ಅಲ್ಲಿ ಅದು ಬೂದಿ ಆಗಿ ಮುಗಿಯಲ್ಲವ್ವ, ದೀಪ ಆಗ್ತೈತೆ. ಆದ್ರೆ ನೆನೆದ್ರೆ ಹತ್ತಲ್ಲ, ನಾನು ವಾಪಸ್ ಕಳಿಸ್ತೀನಿ. ವಾಪಸ್ ಬಂದ್ರೆ ಊರೋರು ಗದ್ದೆಯಾಗೇ ಸುಡ್ತಾರೆ."

ಕೊಟ್ರವ್ವ ಕೊಡವನ್ನು ಮತ್ತೆ ಸೊಂಟಕ್ಕಿಟ್ಟುಕೊಂಡಳು. "ಮತ್ತೆ ತುಂಬಿದ ಕೊಡ ಯಾರಿಗೆ ಹಾಕ್ಲಿ? ತಿರುಗಿ ಒಯ್ಯಂಗಿಲ್ಲ."

ಸುಧಾ ಮುಂದೆ ನೋಡಿದಳು. ಸೀಟಿನ ಮೇಲೆ ಅಗಲವಾದ ಒಂದು ಬೆನ್ನು, ನೆಟ್ಟಗೆ ಕೂತ ತಲೆ. ಅವಳ ತುಟಿಯ ಮೂಲೆ ತಾನಾಗಿಯೇ ಸಡಿಲವಾಯಿತು. "ಹೊತ್ಕೊಂಡು ಹೋಗೋರಿಗೆ ಹಾಕ್ರಿ." ಕೊಟ್ರವ್ವ ಮಂಚದಿಂದಿಳಿದು, ಕೊಡದ ಸಮೇತ ಟ್ರ್ಯಾಕ್ಟರಿನ ಹಿಂಬದಿ ಹತ್ತಿ ಸೀಟಿನ ಹಿಂದೆ ನಿಂತಳು.

"ಏಯ್, ಏನ್ ಮಾತಾಡ್ತೀರಿ ನೀವಿಬ್ರೂ? ಅವ್ವಾ, ಬ್ಯಾಡ... ಅಯ್ಯಪ್ಪಾ!"

ನೀರು ನೆತ್ತಿಯಿಂದ ಇಳಿಯಿತು. ಪದ್ಧತಿ ಮರೆತು ಹನುಮೇಶ ಹಿಂದಕ್ಕೆ ನೋಡಿದ. ಬಾಯಿಗೆ ಕೈ ಅಡ್ಡ ಹಿಡಿದು, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದ ಸುಧಾ ಕಂಡಳು. ಹಿಂದಕ್ಕೆ ನೋಡಬಾರದೆಂದು ಹಿರಿಯರು ಯಾಕೆ ಹೇಳಿದ್ದರೋ! ಅವನು ಮುಂದಕ್ಕೆ ತಿರುಗುವುದನ್ನೇ ಮರೆತ.

ಹನ್ನೊಂದೂವರೆಗೆ ಆ ಗಾಡಿ ಗೇಟಿಗೆ ಬಂತು. ಅಂಗಿಯ ಕಾಲರು ಇನ್ನೂ ಒದ್ದೆ. ಬಸ್ಸಿನಲ್ಲಿ ಮೊದಲೇ ಬಂದು ಡ್ಯೂಟಿಗೆ ನಿಂತಿದ್ದ ಸುಧಾ ಸೂಜಿ ಎತ್ತಿದಳು. ಚುಚ್ಚದೆ ಮತ್ತೆ ಇಳಿಸಿದಳು. ಎಷ್ಟೋ ಗಾಡಿಗಳನ್ನು ಅಳೆದವಳು, ಇಂಥದ್ದೇ ಅಂಕಿ ಬರಲಿ ಎಂದು ಯಾವತ್ತೂ ಆಸೆಪಟ್ಟಿರಲಿಲ್ಲ.

"ಬಸವಪ್ರಭು ಅಣ್ಣ, ಇದೊಂದು ನೀವು ನೋಡ್ರಿ," ಎಂದು ಮೀಟರನ್ನು ಹಿರಿಯ ಸಹೋದ್ಯೋಗಿಯ ಕೈಗಿಟ್ಟಳು.

"ಯಾಕವ್ವ?"

"ಇದು ಪಾಸಾಗ್ಲಿ ಅಂತ ನನಗೆ ಆಸೆ ಐತೆ. ಆಸೆ ಇದ್ದೋರು ಅಳೀಬಾರ್ದು." ನೆಲ ನೋಡುತ್ತ ಹೇಳಿದಳು, ಆದರೂ ಹನುಮೇಶನಿಗೆ ಕೇಳಿಸಿತು. ಅವನು ಇಂಜಿನ್ ಆಫ್ ಮಾಡಿದ.

ಬಸವಪ್ರಭು ಒಂದಲ್ಲ, ಆರು ಬೇಲುಗಳಿಗೆ ಚುಚ್ಚಿದರು. "ಹದಿನಾಲ್ಕು. ಪಾಸ್!" ಚೀಟಿ ಬರೆದು ಮೇಲಕ್ಕೆ ಚಾಚಿದರು. "ಹಿಡಿಯಪ್ಪಾ, ಗಾಡಿ ಒಳಗೆ ಹೊಡಿ."

ಹನುಮೇಶ ಕೈ ಚಾಚಲಿಲ್ಲ. ಸುಧಾಳನ್ನೇ ನೋಡುತ್ತಿದ್ದ.

"ಎರಡು ಸಲ ವಾಪಸ್ ಹೋಗು ಅಂದೋರು ಅವರು. ಒಳಗೆ ಬಾ ಅನ್ನೋದೂ ಅವರ ಬಾಯಾಗೇ ಬರ್ಲಿ."

ಹಿಂದೆ ನಾಲ್ಕು ಗಾಡಿಗಳು ಹಾರ್ನ್ ಹೊಡೆದವು. ಸುಧಾ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಎಲ್ರೂ ನೋಡ್ತಾ ಇದಾರೆ," ಎಂದಳು ಸಣ್ಣ ದನಿಯಲ್ಲಿ. "ಅಣ್ಣನ ಕೈಯಿಂದಲೇ ತಗೊಳ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಒಲ್ಲೆ," ಎಂದ ಹನುಮೇಶ. ಹುಬ್ಬಿನ ಕೆಳಗೆ ಆ ತುಂಟ ನಗು ಮರಳಿತ್ತು.