ಲಗಮಣ್ಣನ ದೊಡ್ಡಿಯ ಮರಿಗಳು

ಲಗಮಣ್ಣನ ದೊಡ್ಡಿಯಲ್ಲಿ ಆಗ ತಾನೇ ಹುಟ್ಟಿದ ಕುರಿಮರಿಯ ನಾಲಗೆಗೆ ವಿಜ್ಞಾನಿ ಶಕೀಲಾ ನದಾಫ್ ಹತ್ತಿಕಡ್ಡಿ ಸವರಿ, ಅದನ್ನು ಅಂಗೈಯಗಲದ ಯಂತ್ರದೊಳಗಿಟ್ಟರು. ಮೈ ಹೀಗೇ ಬೆಳೆಯಬೇಕೆಂದು ತಂದೆತಾಯಿಯಿಂದ ಬಂದ ಅಪ್ಪಣೆಗಳಿಗೆ ವಂಶವಾಹಿಗಳೆನ್ನುತ್ತಾರೆ. ಯಂತ್ರ ಅವನ್ನು ಜೊಲ್ಲಿನಲ್ಲೇ ಓದಿ, ಮರಿ ಬೆಳೆದು ನಿಂತಾಗಿನ ಚಿತ್ರವನ್ನು ಮೂಡಿಸಿತು. ಅಗಲವಾದ ಬೆನ್ನು, ತುಂಬಿದ ತೊಡೆ. ಎರಡು ಸಾವಿರದ ಅರವತ್ತರ ಆಸುಪಾಸಿನ ಬಾಗಲಕೋಟೆ ಸೀಮೆಯಲ್ಲೂ ಅಂಥ ಕುರಿಯನ್ನು ಯಾರೂ ಕಂಡಿರಲಿಲ್ಲ. ಸೇರಿದವರೆಲ್ಲ ಲಗಮಣ್ಣನ ಬೆನ್ನು ತಟ್ಟಿದರು. ಬೇಲಿಗೆ ಆತು ನಿಂತಿದ್ದ ಸೋಮನಿಂಗನಿಗೆ ಮಾತ್ರ ಹೊಟ್ಟೆಯೊಳಗೆ ಕೆಂಡ ಸುರಿದಂತಾಯಿತು.

ಈ ಉರಿ ಹೊಸದಲ್ಲ. ಇಬ್ಬರೂ ಚಿಕ್ಕಂದಿನಿಂದ ಕೂಡಿ ಕುರಿ ಕಾಯ್ದವರು. ಹೋದ ವರ್ಷ ಶಕೀಲಾ ಊರಿನ ಟಗರುಗಳ ಮೈಕಟ್ಟನ್ನೆಲ್ಲ ಅಳೆದು ಲಗಮಣ್ಣನದನ್ನು ಬೀಜಕ್ಕೆ ಆರಿಸಿದ್ದರು. ಸೋಮನಿಂಗ ಮಗನಂತೆ ಸಾಕಿದ ಕರಿಟಗರಿಗೆ ಸಿಕ್ಕಿದ್ದು ಕಡೆಯ ಸ್ಥಾನ. ಅದು ಕುರಿಗಳ ಮೇಲೆ ಹೋಗದಂತೆ ಹೊಟ್ಟೆಗೆ ಗೋಣಿಪಟ್ಟಿ ಕಟ್ಟುವ ಕೆಲಸವೂ ಅವನ ಪಾಲಿಗೇ ಬಂತು.

ಗೊಬ್ಬರಕ್ಕೆಂದು ಇಬ್ಬರ ಹಿಂಡೂ ಒಂದೇ ಹೊಲದಲ್ಲಿ ತಂಗಿದ್ದಾಗ, ಲಗಮಣ್ಣ ನೀರಿಗೆ ಹೋದ ಹೊತ್ತು ನೋಡಿ ಸೋಮನಿಂಗ ಆ ಪಟ್ಟಿ ಬಿಚ್ಚಿಬಿಟ್ಟ. ಕರಿಟಗರು ಲಗಮಣ್ಣನ ಕುರಿಗಳಲ್ಲಿ ನುಗ್ಗಲಿ, ನರಪೇತಲ ಮರಿಗಳು ಹುಟ್ಟಲಿ, ಅವನ ಮಾನ ಹೋಗಲಿ ಎಂಬುದೇ ಎಣಿಕೆ. ಲಗಮಣ್ಣನ ಮೇಲಿನ ಮತ್ಸರಕ್ಕೆ ತನ್ನ ಟಗರನ್ನು ತಾನೇ ಕೀಳೆಂದು ಒಪ್ಪಿಕೊಂಡದ್ದು ಅವನಿಗೆ ಹೊಳೆಯಲೇ ಇಲ್ಲ.

ಈಗ ನೋಡಿದರೆ ಇಂಥ ಮರಿಗಳು. ಕೆಡಿಸುವುದಕ್ಕೂ ಈ ಟಗರು ನಾಲಾಯಕ್ಕಾಯಿತಲ್ಲ ಎಂದು ಹಲ್ಲು ಕಡಿಯುತ್ತ, ಮರುದಿನವೇ ಅದನ್ನು ಕಟುಕನಿಗೆ ಮಾರಿಬಿಟ್ಟ.

ವಾರ ಕಳೆದ ಮೇಲೆ ಶಕೀಲಾ ಅವನ ಮನೆಗೇ ಬಂದರು. ಪ್ರಯೋಗಾಲಯದಲ್ಲಿ ಮರಿಗಳ ತಂದೆ ಯಾರೆಂಬುದನ್ನೂ ನೋಡಿದ್ದರು.

“ಆ ಮರಿಗೋಳ ಅಪ್ಪ ನಿಮ್ಮ ಕರಿಟಗರು,” ಅಂದರು. “ಮೈ ಮಿತಿಮೀರಿ ಬೆಳೀದಂಗ ತಡಿಯೂ ವಂಶವಾಹಿ ಒಂದು ಇರತೈತಿ. ಅದು ಸಡಿಲಾದ ರೂಪ ನಿಮ್ಮ ಟಗರಿನಾಗೂ ಅಡಗಿತ್ತು, ಲಗಮಣ್ಣನ ಕುರಿಗಳಾಗೂ ಅಡಗಿತ್ತು. ಎರಡೂ ಕೂಡಿದರ ಮಾತ್ರ ಇಂಥ ಮರಿ. ನಾನು ಹೋದ ವರ್ಷ ಬರೇ ಮೈ ಅಳತಿ ಮಾಡಿದೆ, ಅಡಗಿದ್ದನ್ನ ನೋಡಲಿಲ್ಲ. ಟಗರು ಎಲ್ಲೈತಿ?”

ಸೋಮನಿಂಗ ನೆಲ ನೋಡುತ್ತ ಎಲ್ಲವನ್ನೂ ತೊದಲಿದ. ಶಕೀಲಾ ಬೈಯಲಿಲ್ಲ. ಆ ವಂಶ ಇನ್ನು ಉಳಿದಿರುವುದು ಲಗಮಣ್ಣನ ದೊಡ್ಡಿಯಲ್ಲಿ ಮಾತ್ರ, ಬೇಕಿದ್ದರೆ ಒಂದು ಗಂಡುಮರಿ ಕೇಳಿ ತರಬೇಕು, ಆದರೆ ನಡೆದದ್ದನ್ನು ಲಗಮಣ್ಣನಿಗೆ ಮೊದಲು ನೀವೇ ಹೇಳಿ ಎಂದಷ್ಟೇ ಅಂದು ಹೋದರು.

ಸಂಜೆ ಸೋಮನಿಂಗ ಕಾಲೆಳೆಯುತ್ತ ಆ ದೊಡ್ಡಿಗೆ ಹೋದ. ಅವನು ಬಾಯಿ ತೆರೆಯುವ ಮೊದಲೇ ಲಗಮಣ್ಣ ದುಂಡನೆಯ ಗಂಡುಮರಿಯೊಂದನ್ನು ಎತ್ತಿ ತಂದ.

“ಇದು ನಿನಗಂತ ತಗದಿಟ್ಟೀನಿ,” ಅಂದ. “ನಿನ್ನ ಕರಿಟಗರಿನ ಜೋಡಿ ಬೆಳೀಲಿ.”

ಮರಿಯನ್ನು ಎದೆಗೊತ್ತಿಕೊಂಡ ಸೋಮನಿಂಗನಿಗೆ ಈಗ ಲಗಮಣ್ಣನ ದೊಡ್ಡ ಮನಸ್ಸಿನ ಮೇಲೆಯೇ ಹೊಟ್ಟೆಕಿಚ್ಚಾಯಿತು. ಮನುಷ್ಯನ ಒಳಗನ್ನು ಓದುವ ಯಂತ್ರ ಆ ಕಾಲಕ್ಕೂ ಬಂದಿರಲಿಲ್ಲ. ನಮ್ಮ ನಿಮ್ಮಂತೆ ಅವನೂ ತಾನು ಮಾಡಿದ್ದನ್ನು ಬಾಯಿಬಿಟ್ಟೇ ಹೇಳಬೇಕಿತ್ತು.