ಮುಚ್ಚಿದ ಬಾಗಿಲಿಗೆ ಅರಿಶಿನ ಕುಂಕುಮ

ಹಕ್ಕಿಗಳೇ ಅಂಚೆ ಹೊರುತ್ತಿದ್ದ ಕಾಲದಲ್ಲಿ ಮೂರು ಬೆಟ್ಟದ ಒಂದು ರಾಜ್ಯವಿತ್ತು. ಬೆಟ್ಟಕ್ಕೊಂದು ಕೋಟೆ. ಎಲ್ಲಕ್ಕಿಂತ ಹಳೆಯದು ದೊಡ್ಡಗಡ, ಅಲ್ಲಿ ರಾಣಿಯ ವಾಸ. ಅದರ ಒಂದು ಮಗ್ಗುಲಿಗೆ ಜೇನುಗಡ, ಇನ್ನೊಂದು ಮಗ್ಗುಲಿಗೆ ನವಿಲುಗಡ. ಒಂದು ದಾರಿ ಕೆಟ್ಟರೆ ಇನ್ನೊಂದಿರಲಿ ಅಂತ ಹಿರಿಯರು ಪ್ರತಿ ಕೋಟೆಯಿಂದ ಉಳಿದೆರಡಕ್ಕೂ ದಾರಿ ಮಾಡಿದ್ದರು. ಆದರೆ ಜೇನುಗಡದಿಂದ ನವಿಲುಗಡಕ್ಕೆ ಹೋಗುವ ಬಾಗಿಲನ್ನು ಮಾತ್ರ ಸದಾ ಮುಚ್ಚಿಡುತ್ತಿದ್ದರು.

ಯಾಕೆ ಅಂತೀರಾ? ಹೇಳ್ತೀನಿ, ಅವಸರ ಮಾಡಬೇಡಿ. ಆ ರಾಜ್ಯದ ಗೊರವಂಕಗಳು ಮಾಯದ ಹಕ್ಕಿಗಳು. ಸುದ್ದಿ ಹೇಳಿ ಬಿಟ್ಟರೆ ಕೋಟೆಗೆ ಬಂದು ಒಂದಿದ್ದದ್ದು ಎರಡಾಗುತ್ತಿತ್ತು. ಒಂದು ಆ ಊರಲ್ಲಿ ಕೂತು ಸುದ್ದಿ ಒದರುತ್ತಿತ್ತು, ಇನ್ನೊಂದು ಮುಂದಿನ ಕೋಟೆಗೆ ಹೋಗುವ ಬಾಗಿಲಿನಿಂದ ಆಚೆ ಹಾರುತ್ತಿತ್ತು. ಮುಂದಿನ ಬಾಗಿಲು ಮುಚ್ಚಿದ್ದರೆ ಮಂಜು ಕರಗಿದ ಹಾಗೆ ಅಲ್ಲೇ ಕರಗುತ್ತಿತ್ತು. ಮೂರು ಕೋಟೆಯ ಬಾಗಿಲೆಲ್ಲ ತೆರೆದಿದ್ದರೆ ಅದು ಸುತ್ತಿದ್ದೇ ಸುತ್ತಿದ್ದು. ಆ ಹಕ್ಕಿಗೆ ಸಾವೂ ಇಲ್ಲ, ಸುಸ್ತೂ ಇಲ್ಲ.

ಆ ಮುಚ್ಚಿದ ಬಾಗಿಲ ಕಾವಲುಗಾರ ಕೆಂಚಣ್ಣ. ಬಾಗಿಲಿಗೆ ಈಚೆಗೂ ಆಚೆಗೂ ಮರದಲ್ಲಿ ಕೆತ್ತಿದ ಮುಖವಿತ್ತು. ಅದಕ್ಕೆ ಕಿವಿ ಉಂಟು, ಕಣ್ಣು ಉಂಟು, ಬೇಕಾದಾಗ ಮಾತೂ ಉಂಟು. ಕೆಂಚಣ್ಣನ ಅಪ್ಪ ಸಾಯುವಾಗ ಮಗನಿಗೆ ಹೇಳಿದ್ದು ಇಷ್ಟೇ: "ರಾಣಿಯ ನಗಾರಿ ದೊಡ್ಡಗಡದಲ್ಲಿ ಮೊಳಗುತ್ತೆ. ಸೇತುವೆ ದಾಟಿ ಬರೋ ಆ ಸದ್ದು ಕೇಳಿ ನವಿಲುಗಡದವರೂ ತಮ್ಮ ನಗಾರಿ ಬಾರಿಸ್ತಾರೆ. ಆ ಸದ್ದು ಈ ಬಾಗಿಲಾಚೆ ಕೇಳಿಸ್ತಾ ಇರೋವರೆಗೂ ಇದು ಮುಚ್ಚೇ ಇರಲಿ. ಅದು ನಿಂತ ದಿನ ತೆಗಿ. ಆದರೆ ಮೊದಲು ಕಿವಿ, ಆಮೇಲೆ ಕಣ್ಣು, ಕೊನೆಗೆ ಅಗುಳಿ."

ಮುಚ್ಚಿದ ಬಾಗಿಲು ಕಾಯುವವನನ್ನು ಯಾರು ಮೆಚ್ಚುತ್ತಾರೆ ಹೇಳಿ! "ಊಟಕ್ಕಿಲ್ಲದ ಉಪ್ಪಿನಕಾಯಿ" ಅಂತ ಊರವರು ಆಡಿಕೊಳ್ಳುತ್ತಿದ್ದರು. ಅದಾದರೂ ಹೋಗಲಿ. ಅವನ ಒಬ್ಬಳೇ ತಂಗಿ ದೇಮವ್ವನನ್ನು ನವಿಲುಗಡಕ್ಕೆ ಕೊಟ್ಟಿತ್ತು. ಈಗ ತುಂಬು ಬಸುರಿ. ಬಾಗಿಲಾಚೆ ನಾಲ್ಕು ಹೆಜ್ಜೆ ಹಾಕಿದರೆ ಅವಳ ಮನೆಯ ಹೊಗೆ ಕಾಣುತ್ತಿತ್ತು. ನೋಡಿಕೊಂಡು ಬರಬೇಕಾದರೆ ಮಾತ್ರ ದೊಡ್ಡಗಡ ಸುತ್ತಬೇಕು. ಅವನು ದಿನಾ ಅಗುಳಿ ಮುಟ್ಟಿ ಮುಟ್ಟಿ ಹಿಂದೆ ಸರಿಯುತ್ತಿದ್ದ.

ಗುಲ್ಲಯ್ಯ ಅಂತ ಒಬ್ಬ ಮಾಂತ್ರಿಕ ಇದನ್ನೇ ಕಾದಿದ್ದ. ಅವನಿಗೆ ಅನ್ನ ಬೇಡ, ನೀರು ಬೇಡ, ಗದ್ದಲವೇ ಊಟ. ಒಂದು ನಸುಕಿನಲ್ಲಿ ಬಳೆಗಾರನ ವೇಷದಲ್ಲಿ ಬಂದು, "ಅಯ್ಯೋ ಕೆಂಚಣ್ಣ, ಇಷ್ಟು ಚೆಂದದ ಬಾಗಿಲು, ಹೀಗೆ ಸುಮ್ಮನೆ ಮುಚ್ಚಿಡೋದಾ? ಬಸುರಿ ತಂಗಿ ಅಲ್ಲಿ, ನೀನಿಲ್ಲಿ. ನಿಮ್ಮಪ್ಪಂಗೆ ಅರಳುಮರಳು ಕಣಯ್ಯಾ, ತೆಗೆದುಬಿಡು," ಅಂದ.

ಕೆಂಚಣ್ಣ ತೆಗೆದೇಬಿಟ್ಟ. ಕಿವಿಯಿಲ್ಲ, ಕಣ್ಣಿಲ್ಲ, ನೇರ ಅಗುಳಿ.

ಆಗ ಶುರುವಾಯಿತು ನೋಡಿ! ಯಾರೋ ಕಳಿಸಿದ "ನಾಳೆ ಸಂತೆ" ಅನ್ನುವ ಹಕ್ಕಿ ಸುತ್ತಿತು, "ನಮ್ಮ ಎಮ್ಮೆ ಕಳೆದಿದೆ" ಅನ್ನುವುದು ಸುತ್ತಿತು. ಬಂದದ್ದೇ ಮತ್ತೆ ಬಂತು, ಸುತ್ತಿಗೊಂದು ಮರಿ ಹೆಚ್ಚಾಯಿತು. ಆಕಾಶ ಕಪ್ಪಾಯಿತು. ಗುಲ್ಲಯ್ಯ ಗದ್ದಲ ತಿಂದು ತಿಂದು ಬೆಟ್ಟದಷ್ಟು ಊದಿದ. ಬಾಗಿಲಲ್ಲಿ ರೆಕ್ಕೆಗಳ ಸೆಳೆತಕ್ಕೆ ಮನುಷ್ಯರು ಕಾಲಿಡುವ ಹಾಗಿರಲಿಲ್ಲ.

ಅಷ್ಟರಲ್ಲಿ ಒಂದು ಗೊರವಂಕ ಕೆಂಚಣ್ಣನ ಹೆಗಲ ಮೇಲೆ ಕೂತು ಕಿವಿಯಲ್ಲಿ ಕಿರುಚಿತು: "ದೇಮವ್ವಂಗೆ ನೋವು ಬಂದಿದೆ, ಮಗು ಅಡ್ಡ ತಿರುಗಿದೆ, ಸೂಲಗಿತ್ತಿ ಹೊಂಬಾಳಜ್ಜಿನ ಕಳಿಸಿ!" ಬೆಳಗ್ಗೆ ಕಳಿಸಿದ ಮಾತು. ಎಮ್ಮೆ ಸುದ್ದಿಯ ನಡುವೆ ಸಿಕ್ಕಿ ಅಷ್ಟು ಹೊತ್ತೂ ಯಾರ ಕಿವಿಗೂ ಬಿದ್ದಿರಲಿಲ್ಲ.

ಕೆಂಚಣ್ಣ ಜೇನುಗಡದ ಹೊಂಬಾಳಜ್ಜಿಯ ಮನೆಗೆ ಓಡಿದ. "ಅಜ್ಜೀ, ಬಾಗಿಲು ತೆಗೆದದ್ದು ನಾನೇ. ನನ್ನ ತಂಗೀನ ನಾನೇ ಕೊಂದೆ," ಅಂತ ಅತ್ತ.

"ಅಳೋದು ಆಮೇಲೆ ಇಟ್ಕೊ. ಮೊದಲು ಹೋಗಿ ಬಾಗಿಲು ಮುಚ್ಚು," ಅಂದಳು ಅಜ್ಜಿ, ಸೊಂಟಕ್ಕೆ ಎಲೆಯಡಿಕೆ ಚೀಲ ಸಿಕ್ಕಿಸುತ್ತಾ.

ಇಬ್ಬರೂ ಭುಜ ಕೊಟ್ಟು ಬಾಗಿಲು ದೂಡಿ ಅಗುಳಿ ಹಾಕಿದರು. ಸುತ್ತುತ್ತಿದ್ದ ಹಕ್ಕಿಗಳು ಬಂದು ಬಂದು ಅಲ್ಲೇ ಕರಗಿದವು. ಊಟ ತಪ್ಪಿದ ಗುಲ್ಲಯ್ಯ ಸಿಟ್ಟಿನಿಂದ ಹಾರಿಹೋದ. ಇನ್ನೇನು ಇವರು ದೊಡ್ಡಗಡದ ದಾರಿ ಹಿಡಿಯಬೇಕು, ದೂರದಲ್ಲಿ ಧಡ್ ಅಂತ ಸದ್ದಾಗಿ ಧೂಳೆದ್ದಿತು. ದೊಡ್ಡಗಡದಿಂದ ನವಿಲುಗಡಕ್ಕೆ ಹೋಗುವ ಸೇತುವೆಯಿದ್ದ ಜಾಗ ಅದು.

"ಸೇತುವೆ ಮುರಿದ ಪಾಪಿ! ಇನ್ನು ಇದೊಂದೇ ದಾರಿ," ಅಂತ ಕೆಂಚಣ್ಣ ಮತ್ತೆ ಅಗುಳಿಗೆ ಕೈ ಹಾಕಿದ.

ಅಜ್ಜಿ ಕೈಮೇಲೆ ಹೊಡೆದಳು. "ಧೂಳು ನೋಡಿ ಬಾಗಿಲು ತೆಗೀತಾರೇನೋ? ಅದೂ ಮಾಟ ಆಗಿದ್ರೆ? ನಿಮ್ಮಪ್ಪ ಏನು ಹೇಳಿದ್ದ?"

"ಮೊದಲು ಕಿವಿ..." ಅಂದ ಕೆಂಚಣ್ಣ.

ಬಾಗಿಲು ಕಿವಿ ನಿಮಿರಿಸಿತು. ಆಚೆಯಿಂದ ದೇಮವ್ವನದೇ ದನಿ ಬಂತು: "ಅಣ್ಣಾ, ಸಾಯ್ತಿದ್ದೀನಿ, ತೆಗೀ ಅಣ್ಣಾ!" ಕೆಂಚಣ್ಣನ ಕೈ ಮತ್ತೆ ಅಗುಳಿಗೆ ಹೋಯಿತು. ಆದರೆ ನೋವು ತಿನ್ನುತ್ತಿರುವವಳು ಬಾಗಿಲ ತನಕ ನಡೆದು ಬರುತ್ತಾಳೆಯೇ? ಅವನು ಹಲ್ಲು ಕಚ್ಚಿ ಕೂತ. ಅಜ್ಜಿ ಒಂದು ವೀಳ್ಯ ಮೆದ್ದು ಉಗುಳುವಷ್ಟು ಹೊತ್ತು ಕಾದರು. ನವಿಲುಗಡದ ನಗಾರಿ ಕೇಳಿಸಲಿಲ್ಲ. "ಸೇತುವೆ ನಿಜಕ್ಕೂ ಬಿದ್ದಿದೆ," ಅಂದಿತು ಬಾಗಿಲು. "ನಮ್ಮ ನಗಾರಿ ಬಾರಿಸು. ಇನ್ನು ರಾಣಿಯ ಕಡೆಗೆ ನಾವೇ ದಾರಿ ಅಂತ ಅವರಿಗೆ ಗೊತ್ತಾಗಲಿ."

ಆಮೇಲೆ ಕಣ್ಣು. ಬಾಗಿಲು ರೆಪ್ಪೆ ತೆರೆಯಿತು. ನಗಾರಿ ಕೇಳಿ ಆಚೆಯವರೂ ಓಡಿಬಂದರು, ಈಚೆಯವರೂ ನೆರೆದರು. ಬಾಗಿಲು ಯಾರನ್ನೂ ದಾಟಿಸದೆ ಒಂದೊಂದೇ ಮುಖ ನೋಡಿ, ಯಾರು ಯಾವ ಕಡೆಯವರು ಅಂತ ಕಲಿಯುತ್ತಾ ಹೋಯಿತು.

"ಹೆರಿಗೆ ಅಂದ್ರೂ ಬಿಡಲ್ವಲ್ಲ ಈ ಮರದ ಕೊರಡು!" ಅಂತ ಈಚೆಯ ಗುಂಪಿನಲ್ಲಿ ಒಬ್ಬ ಬಳೆಗಾರ ಕೂಗೆಬ್ಬಿಸಿದ. "ಒಡೀರಿ, ಒಡೀರಿ!" ಅಂತ ಆಚೆಯೂ ಒಬ್ಬ ಬಳೆಗಾರ ಕೂಗಿದ.

ಬಾಗಿಲು ಕಣ್ಣು ಕಿರಿದು ಮಾಡಿತು. "ಈ ಮುಖ ಆ ಕಡೆಯೂ ಕಂಡೆ, ಈ ಕಡೆಯೂ ಕಂಡೆ. ಎರಡು ಕಡೆ ಒಬ್ಬನೇ ಇರೋದುಂಟಾ? ಇವನೇ ಕಳ್ಳ!" ಜನ ಮುಗಿಬಿದ್ದು ಬಳೆಗಾರನ ಜುಟ್ಟು ಹಿಡಿದರು. ಆಚೆಯ ವೇಷ ಅಲ್ಲೇ ಗಾಳಿಯಾಯಿತು.

"ಕಲಿತೆ. ಈಗ ಅಗುಳಿ ತೆಗಿ," ಅಂದಿತು ಬಾಗಿಲು.

ಹೊಂಬಾಳಜ್ಜಿ ಸೆರಗು ಬಿಗಿದು ಓಡಿದಳು. ಆ ಮುದುಕಿ ಹಾಗೆ ಓಡಿದ್ದನ್ನು ಯಾರೂ ಕಂಡಿರಲಿಲ್ಲ. ಯಾರ ಮನೆ ಯಾವ ಕಡೆ ಅಂತ ಬಾಗಿಲಿಗೆ ಗೊತ್ತಾಗಿದ್ದರಿಂದ ಪ್ರತಿ ಹಕ್ಕಿಯೂ ಸೀದಾ ತಲುಪಬೇಕಾದ ಮನೆಗೆ ಹೋಗಿ ಮೆಲ್ಲಗೆ ಸುದ್ದಿ ಹೇಳಿತು. ಗದ್ದಲವೇ ಇಲ್ಲ! ಗುಲ್ಲಯ್ಯ ಹಸಿವಿನಿಂದ ಸೊರಗಿ ಸೊರಗಿ ಜೀರುಂಡೆಯಷ್ಟಾದ. ಕೆಂಚಣ್ಣ ಅವನನ್ನು ಖಾಲಿ ಸುಣ್ಣದ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದ.

ಸಂಜೆಗೆ ಒಂದು ಹಕ್ಕಿ ಬಂತು: "ಹೆಣ್ಣು ಮಗು. ತಾಯಿ, ಮಗು ಇಬ್ಬರೂ ಕ್ಷೇಮ." ಕೆಂಚಣ್ಣ ಬಾಗಿಲಿಗೆ ಹಣೆಯಿಟ್ಟು ಗಳಗಳ ಅತ್ತ.

ಅಲ್ಲಿಂದ ಮುಂದೆ ಅವನು ದಿನಾ ಆ ಬಾಗಿಲು ದಾಟಿ ತಂಗಿಯ ಮಗುವನ್ನು ಎತ್ತಿ ಆಡಿಸುತ್ತಿದ್ದ. ಅಷ್ಟರಲ್ಲಿ ರಾಣಿ ಸೇತುವೆ ಕಟ್ಟಿಸಿದಳು. ಒಂದು ಬೆಳಗ್ಗೆ ನವಿಲುಗಡದ ಕಡೆಯಿಂದ ನಗಾರಿ ಮತ್ತೆ ಮೊಳಗಿತು. ಬಾಗಿಲು ಮುಚ್ಚಬೇಕು. ಕೆಂಚಣ್ಣನ ಕೈ ಏಳಲಿಲ್ಲ.

ಆಗ ದೇಮವ್ವನೇ ಮಗು ಎತ್ತಿಕೊಂಡು ಬಾಗಿಲಾಚೆ ಬಂದು ನಿಂತಳು. "ಮುಚ್ಚು ಅಣ್ಣಾ."

"ಮುಚ್ಚಿದ್ರೆ ಮತ್ತೆ ದೊಡ್ಡಗಡ ಸುತ್ತಿ ಬರಬೇಕಲ್ಲೇ, ದೇಮೂ."

"ಸುತ್ತಿ ಬಾ. ನಾನೂ ಸುತ್ತಿ ಬರ್ತೀನಿ. ಅವತ್ತು ಈ ಬಾಗಿಲು ಮುಚ್ಚಿದ್ದರಿಂದ ನನ್ನ ಕೂಗನ್ನ ನುಂಗಿದ್ದ ಗುಲ್ಲು ನಿಂತಿತು, ತೆಗೆದಿದ್ದರಿಂದ ಅಜ್ಜಿ ಬಂದಳು. ಎರಡಕ್ಕೂ ನಾನು ಋಣಿ. ಇನ್ನೊಬ್ಬಳ ಕೂಗೂ ಹಾಗೇ ತಲುಪಲಿ, ಮುಚ್ಚು."

ಕೆಂಚಣ್ಣ ಮಗುವಿನ ಪಾದ ಕಣ್ಣಿಗೊತ್ತಿಕೊಂಡು, ಬಾಗಿಲೆಳೆದು ಅಗುಳಿ ಹಾಕಿದ. ಆಚೆ ದೇಮವ್ವ ಬಾಗಿಲ ಹಣೆಗೆ ಅರಿಶಿನ ಬಳಿದು ಕುಂಕುಮ ಇಟ್ಟಳು. ಈಚೆ ಅವನನ್ನು ಆಡಿಕೊಂಡಿದ್ದವರೇ ತಟ್ಟೆ ಹಿಡಿದು ಸಾಲು ನಿಂತರು. ಅಂದಿನಿಂದ ಆ ರಾಜ್ಯದಲ್ಲಿ ಬಾಣಂತಿ ನೀರು ಹಾಕಿಕೊಂಡ ದಿನ ಮೊದಲ ಪೂಜೆ ಮುಚ್ಚಿದ ಬಾಗಿಲಿಗೇ. ಎಲ್ಲರ ಮಾತೂ ಎಲ್ಲರಿಗೂ ತಲುಪಿ, ಎಲ್ಲರೂ ತಣ್ಣಗೆ ಬಾಳಿದರು.

ನಿಮ್ಮ ಆಫೀಸಿನ ಗೋಡೆಯ ಮೇಲೂ ಕಂಪ್ಯೂಟರುಗಳ ನಡುವೆ ಸುದ್ದಿ ದಾಟಿಸುವ ನೆಟ್‌ವರ್ಕ್ ಸ್ವಿಚ್ ಅನ್ನುವ ಪೆಟ್ಟಿಗೆ ಇದೆಯಲ್ಲ, ಅದೂ ಬಾಗಿಲುಗಳ ಕೋಟೆಯೇ. ಸಾಲಾಗಿ ಹಸಿರು ದೀಪ ಹತ್ತಿರುವಾಗ ಒಂದು ಮಾತ್ರ ಅರಿಶಿನ ಬಣ್ಣದಲ್ಲಿ ನಿಂತಿದ್ದರೆ, ಕೆಟ್ಟಿದೆ ಅಂತ ಅದರ ತಂತಿ ಕೀಳಲು ಹೋಗಬೇಡಿ. ಅದೂ ಸುದ್ದಿ ಸುತ್ತದ ಹಾಗೆ ಮುಚ್ಚಿಟ್ಟ ಬಾಗಿಲಾಗಿ, ನಗಾರಿಗೆ ಕಿವಿಗೊಟ್ಟು ಕೂತಿರಬಹುದು. ಹಾದುಹೋಗುವಾಗ ಒಂದು ನಮಸ್ಕಾರ ಹೇಳಿ.