ಕಿರಣ ತಡೆದ ಕೌದಿ

ಬಟ್ಟೆ ಹೊದಿಸಿದ್ದೇ ತಡ, ವಿಕಿರಣ ಅಳೆಯುವ ಯಂತ್ರದ ಕಟಕಟ ಸದ್ದು ನಿಂತುಹೋಯಿತು. ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ, 2061ರ ಒಂದು ಬೆಳಗ್ಗೆ, ಪ್ರಣತಿ ಗದ್ದದಿಂದ ಪಾದದವರೆಗೆ ಆ ಬೂದುಬಣ್ಣದ ಬಟ್ಟೆಯೊಳಗೆ ಕೂತಿದ್ದಳು. ಥೈರಾಯ್ಡ್ ಕ್ಯಾನ್ಸರಿಗೆಂದು ನುಂಗಿದ್ದ ವಿಕಿರಣಶೀಲ ಅಯೋಡಿನ್ ಇನ್ನೂ ಅವಳ ಮೈಯೊಳಗಿತ್ತು.

"ಈಗ ಮಗಳನ್ನ ಎತ್ಕೋಬಹುದೇನ್ರಿ ಮೇಡಂ?"

"ಎತ್ಕೋರಿ. ಅದಕ್ಕಂತನ ಇದನ್ನ ನೇಯ್ದೀನಿ," ಎಂದರು ವಿಜ್ಞಾನಿ ಸಮೃದ್ಧಿ ಹೂಗಾರ.

ಆಲ್ಫಾ ಕಣಕ್ಕೆ ಒಂದು ಹಾಳೆ ಕಾಗದ ಅಡ್ಡವಿದ್ದರೆ ಸಾಕು, ಬೀಟಾಕ್ಕೆ ಅಲ್ಯೂಮಿನಿಯಂ ತಗಡು. ಗಾಮಾ ಕಿರಣ ಮಾತ್ರ ಸುಲಭಕ್ಕೆ ಬಗ್ಗುವುದಲ್ಲ. ಅದಕ್ಕೆ ಸೀಸದ ಹಲಗೆಯೋ ದಪ್ಪ ಗೋಡೆಯೋ ಬೇಕಿತ್ತು. ಸಮೃದ್ಧಿ ಭಾರಲೋಹದ ಪರಮಾಣುಗಳನ್ನು ಪದರಪದರವಾಗಿ ಒತ್ತಿ ನೇಯ್ದು, ಗೋಡೆಯ ಕೆಲಸವನ್ನು ಬಟ್ಟೆಗೆ ಒಪ್ಪಿಸಿದ್ದರು. ಇಪ್ಪತ್ತು ವರ್ಷ ಬೇರೆ ಯಾವ ಕೆಲಸಕ್ಕೂ ಅವರು ಕೈಹಾಕಿರಲಿಲ್ಲ.

ಕಾರಣ ಇಷ್ಟೇ. ಅವರಿಗೆ ನಾಲ್ಕು ವರ್ಷವಾಗಿದ್ದಾಗ ಅವರವ್ವ ಇಂಥದೇ ಕೋಣೆಯಲ್ಲಿದ್ದಳು. ವಿಕಿರಣ ತಾಗದಿರಲೆಂದು, ಯಾರೂ ದಾಟದಂತೆ ಬಾಗಿಲಲ್ಲಿ ಹಳದಿ ಗೆರೆ ಎಳೆದಿದ್ದರು. ಗೆರೆಯಾಚೆ ಅವ್ವ ಕೈ ಚಾಚಿ, ಮರುಕ್ಷಣವೇ ಹಿಂದಕ್ಕೆಳೆದುಕೊಂಡಿದ್ದಳು. ಆಕೆ ಗುಣವಾಗಿ ಮನೆಗೆ ಬಂದು ಬಹಳ ವರ್ಷ ಬಾಳಿದಳು, ಎತ್ತಿ ಮುದ್ದಾಡಿದಳು ಕೂಡ. ಆದರೂ ಹಿಂದೆ ಸರಿದ ಆ ಕೈಗಳಿಗಾಗಿ ಸಮೃದ್ಧಿ ಇವತ್ತಿಗೂ ಹಂಬಲಿಸುತ್ತಿದ್ದರು.

ಪ್ರಣತಿಯ ಅತ್ತೆ ಮೂರು ವರ್ಷದ ಮೊಮ್ಮಗಳು ಇಬ್ಬನಿಯನ್ನು ಕರೆತಂದರು. ಮಗು ಓಡಿಬಂದು ಬಟ್ಟೆಗೆ ಮೂಗು ತಾಗಿಸಿ, ಥಟ್ಟನೆ ಹಿಂದೆ ಸರಿಯಿತು.

"ಇದು ನಮ್ಮವ್ವ ಅಲ್ಲ!"

"ನಾನ ಅದೀನಿ, ಬಾರವ್ವಿ," ಎಂದಳು ಪ್ರಣತಿ. ಮಗು ಅಜ್ಜಿಯ ಸೆರಗಿನ ಹಿಂದೆ ಅಡಗಿತು. ಪ್ರಣತಿಯ ಕಣ್ಣು ತುಂಬಿದವು.

ಸಮೃದ್ಧಿ ಬಗ್ಗಿ ಬಟ್ಟೆಯನ್ನು ಮೂಸಿ ನೋಡಿದರು. ಬೆವರಿನಲ್ಲೂ ಅಯೋಡಿನ್ ಹೊರಬರುತ್ತದೆಂದು ಬಟ್ಟೆಯಿಂದ ಬೆವರು ಹೊರಗೆ ಜಿನುಗದಂತೆ ಮಾಡಿದ್ದವರು ಅವರೇ. ತಾಯಿಯ ವಾಸನೆಯೂ ಅದರ ಜೊತೆಗೇ ಒಳಗೆ ಉಳಿದುಬಿಟ್ಟಿತ್ತು.

"ಕೂಸು ಮನ್ಯಾಗ ಯಾತರ ಮ್ಯಾಲ ಮಲಗ್ತೈತ್ರಿ?" ಎಂದು ಅತ್ತೆಯನ್ನು ಕೇಳಿದರು.

"ಅವರವ್ವನ ಹಳೇ ಸೀರಿ ಕೌದಿ ಮ್ಯಾಲರೀ. ಅದನ್ನ ಒಗೀಲಿಕ್ಕೂ ಬಿಡಂಗಿಲ್ಲ ನೋಡ್ರಿ. ಇಲ್ಲೇ ಚೀಲದಾಗ ಐತಿ."

ಸಮೃದ್ಧಿ ಆ ಮಾಸಿದ ಕೌದಿಯನ್ನು ಬಟ್ಟೆಯ ಮೇಲೆ ಹೊದಿಸಿದರು. ಇಬ್ಬನಿ ಅದರ ಅಂಚು ಹಿಡಿದು ಮೂಸಿತು. ಆಮೇಲೆ ತೊಡೆಯೇರಿ ಮುಖ ಹುದುಗಿಸಿಕೊಂಡಿತು. ಪ್ರಣತಿ ಬಟ್ಟೆಯೊಳಗಿನಿಂದಲೇ ಎರಡೂ ಕೈ ಚಾಚಿ ಮಗುವನ್ನು ಅಪ್ಪಿಕೊಂಡಳು, ಬಿಡಲೇ ಇಲ್ಲ.

ಸಮೃದ್ಧಿ ಹೊರಬಂದು ಗೋಡೆಗೆ ಒರಗಿ ಮನಸಾರೆ ಅತ್ತರು. ಅವರ ಅವ್ವನೂ ಒಂದು ಕೌದಿ ಹೊಲಿದಿದ್ದಳು. ಆಗ ಅದನ್ನು ಗೆರೆಯ ಈಚೆ ನಿಂತ ಮಗುವಿಗೆ ತಂದುಕೊಡಬೇಕೆಂದು ಯಾರಿಗೂ ತೋಚಿರಲಿಲ್ಲ.

2061 ಇನ್ನೂ ಬಂದಿಲ್ಲ, ಆ ಬಟ್ಟೆಯೂ ಇನ್ನೂ ಹುಟ್ಟಿಲ್ಲ. ನೀವು ಇದನ್ನು ಓದುತ್ತಿರುವ ಹೊತ್ತಿಗೆ ಸಮೃದ್ಧಿಗಿನ್ನೂ ನಾಲ್ಕು ವರ್ಷ. ಹಳದಿ ಗೆರೆಯ ಈಚೆ ನಿಂತಿದ್ದಾಳೆ. ಅವಳ ಮನೆಯಲ್ಲಿ ಅವ್ವ ಹೊಲಿದ ಕೌದಿಯಂತೂ ಇದೆ. ಯಾರಾದರೂ ಹೋಗಿ ತಂದು ಅವಳಿಗೆ ಹೊದಿಸಬಾರದೇ?